ಜಾತ್ರೆಗೆ ಮೂರು ವಾರ ಮೊದಲೇ ದೊಡ್ಡಿಗಳಿಗೆ ಲಸಿಕೆ ಬರಲಿ

ಮಾನ್ಯ ಸಂಪಾದಕರೇ,

ತಮಿಳರ ಆಡಿ ತಿಂಗಳಲ್ಲಿ (ಜುಲೈ–ಆಗಸ್ಟ್) ತಮಿಳುನಾಡಿನ ಅಂತಿಯೂರಿನ ಗುರುನಾಥಸ್ವಾಮಿ ಜಾತ್ರೆಗೆ ಬರಗೂರು ಬೆಟ್ಟದ ದನಗಳ ಜೊತೆಗೆ ಕರ್ನಾಟಕ-ತಮಿಳುನಾಡು ಗಡಿಯ ಎರಡೂ ಕಡೆಯ ದನಗಳು ಬಂದು ಸೇರುತ್ತವೆ. ಅಲ್ಲಿ ಒಂದೇ ಒಂದು ದನಕ್ಕೆ ಕಾಲುಬಾಯಿ ರೋಗವಿದ್ದರೂ ಜೊಲ್ಲು, ಉಸಿರು, ನೀರಿನ ತೊಟ್ಟಿಯ ಮೂಲಕ ಅದು ಊರೂರಿಗೆ ಹಂಚಿಹೋಗುತ್ತದೆ. ಜಾತ್ರೆಯ ಬಾಗಿಲಲ್ಲಿ ದನದ ಬಾಯಿ ನೋಡಿ ಒಳಗೆ ಬಿಟ್ಟರೆ ಸಾಲದು. ಗುಳ್ಳೆ ಕಾಣಿಸುವ ಮೊದಲೇ ರೋಗಾಣು ಹೊರಬೀಳುತ್ತಿರುತ್ತದೆ. ಇತ್ತ ಲಸಿಕೆ ಹಾಕಿದ ಮೇಲೆ ದನದ ಮೈಯಲ್ಲಿ ರೋಗ ತಡೆಯುವ ಶಕ್ತಿ ಕೂಡಿಬರಲು ಎರಡರಿಂದ ಮೂರು ವಾರ ಬೇಕು. ಹೊರಡುವ ಹಿಂದಿನ ದಿನ ಚುಚ್ಚಿಸಿ ಪ್ರಮಾಣಪತ್ರ ಪಡೆದರೆ ಏನೂ ಪ್ರಯೋಜನವಿಲ್ಲ. ಈರೋಡು ಮತ್ತು ಚಾಮರಾಜನಗರ ಜಿಲ್ಲೆಗಳ ಪಶು ಇಲಾಖೆಗಳು ಗಡಿ ಹಳ್ಳಿಗಳ ಮಟ್ಟಿಗಾದರೂ ಮಾತಾಡಿಕೊಂಡು, ಒಂದೇ ವಾರದಲ್ಲಿ, ಜಾತ್ರೆಗೆ ಮೂರು ವಾರ ಇರುವಂತೆಯೇ ಲಸಿಕೆಯ ಸುತ್ತು ಮುಗಿಸಬೇಕು.

2019ರಲ್ಲಿ ಆರಂಭವಾದ ರಾಷ್ಟ್ರೀಯ ಪಶುರೋಗ ನಿಯಂತ್ರಣ ಕಾರ್ಯಕ್ರಮದಡಿ ಆರು ತಿಂಗಳಿಗೊಮ್ಮೆ ಉಚಿತವಾಗಿ ಲಸಿಕೆ ಹಾಕಬೇಕೆಂದಿದೆ. ಕೊಟ್ಟಿಗೆಯ ಹಸುವಾದರೆ ಮೂಗುದಾರ ಹಿಡಿದರೆ ಸಾಕು. ಕಾಡಿನ ದೊಡ್ಡಿಯಲ್ಲಿ ಬೆಳೆದ ಬರಗೂರು ದನ ಹೊಸಬರು ಹತ್ತಿರ ಬಂದರೆ ಹಾಯುತ್ತದೆ. ಹಗ್ಗ ಬೀಸಿ ಕೆಡವಿದರೆ ಗಬ್ಬದ ಹಸು ಕಂದು ಹಾಕುವ ಭಯ. ಅವಸರದಲ್ಲಿ ಚುಚ್ಚಿದರೆ ಸೂಜಿ ಬಾಗಿ ಅರ್ಧ ಮದ್ದು ನೆಲಕ್ಕೆ. ದೊಡ್ಡಿಯ ಬಾಗಿಲಿಗೆ ಸೇರಿಸಿ ಎರಡು ಸಾಲು ಗಟ್ಟಿ ಗೂಟ ನೆಟ್ಟು, ಅಡ್ಡಕ್ಕೆ ಗಳ ಬಿಗಿದು, ಸುಮಾರು ಎರಡೂಕಾಲು ಅಡಿ ಅಗಲದ ಓಣಿ ಮಾಡುವುದೊಂದೇ ದಾರಿ. ದನಕ್ಕೆ ಅದರೊಳಗೆ ಹಿಂದಕ್ಕೆ ತಿರುಗಿಕೊಳ್ಳಲು ಆಗಬಾರದು. ನಾಲ್ಕೈದು ದನ ಸಾಲಾಗಿ ನಿಂತ ಮೇಲೆ ಕೊನೆಯದರ ಹಿಂಗಾಲ ಹಿಂದೆ ಒಂದು ಗಳ ತೂರಿಸಿದರೆ ಹೊರಗಿನಿಂದಲೇ ಕುತ್ತಿಗೆಗೆ ಕೈ ಎಟುಕುತ್ತದೆ. ಕಾಡಿನಲ್ಲಿ ಮರ ಕಡಿಯುವಂತಿಲ್ಲವಾದ್ದರಿಂದ, ಕಳಚಿ ಸಾಗಿಸಬಹುದಾದ ಕಬ್ಬಿಣದ ಪೈಪಿನ ಓಣಿಯೊಂದನ್ನು ಪಂಚಾಯಿತಿಯೇ ಮಾಡಿಸಿಡಲಿ. ಸಿಬ್ಬಂದಿ ದನ ಮೇವಿಗೆ ಬಿಡುವ ಮೊದಲೇ ಬರಬೇಕು. ಹತ್ತು ಗಂಟೆಗೆ ಬಂದರೆ ದೊಡ್ಡಿಯಲ್ಲಿ ಸಿಗುವುದು ಕರುಗಳಷ್ಟೇ.

ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕೆಂದು ಎಲ್ಲರಿಗೂ ಗೊತ್ತು. ಹೆಪ್ಪುಗಟ್ಟಿದರೂ ಅದು ಕೆಡುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ. ಬೆಟ್ಟದ ದಾರಿ ದೂರವೆಂದು ಪೆಟ್ಟಿಗೆಗೆ ಗಟ್ಟಿ ಐಸ್ ತುಂಬಿ ಸೀಸೆಯನ್ನು ಅದಕ್ಕೇ ಒತ್ತಿಡುವುದು ತಪ್ಪು; ನಡುವೆ ಬಟ್ಟೆಯೋ ರಟ್ಟೋ ಇರಬೇಕು. ಇದು ಎಣ್ಣೆ ಬೆರೆತ, ಹಾಲಿನಂಥ ಬಿಳಿ ಮದ್ದು. ಮೆಲ್ಲಗೆ ಕುಲುಕಿದರೂ ಕೂಡಿಕೊಳ್ಳದೆ ಪದರ ಬಿಟ್ಟೇ ನಿಂತರೆ ಆ ಸೀಸೆ ಬಳಸಬಾರದು. ಪ್ರಮಾಣ ಸಾಮಾನ್ಯವಾಗಿ 2 ಮಿ.ಲೀ., ಆದರೂ ಸೀಸೆಯ ಮೇಲೆ ಬರೆದದ್ದನ್ನು ನೋಡಿಯೇ ತುಂಬಬೇಕು. ಕುತ್ತಿಗೆಯ ಮಾಂಸಖಂಡದೊಳಕ್ಕೆ ಆಳವಾಗಿ ಕೊಡಬೇಕು, ಒಂದೊಂದು ದನಕ್ಕೂ ಬೇರೆ ಸೂಜಿ. ಇಡೀ ದೊಡ್ಡಿಗೆ ಒಂದೇ ಸೂಜಿ ಬಳಸಿದರೆ ಒಂದರ ರಕ್ತದಲ್ಲಿದ್ದ ರೋಗ ಇನ್ನೊಂದಕ್ಕೆ ಹೋಗುತ್ತದೆ.

ಜ್ವರ ಬಂದ ದನ, ತುಂಬುಗಬ್ಬದ ಹಸುಗಳನ್ನು ಓಣಿಗೆ ನೂಕದೆ ಬಿಟ್ಟು, ಪಟ್ಟಿ ಬರೆದಿಟ್ಟುಕೊಂಡು ಆಮೇಲೆ ಹಾಕಿಸಬೇಕು. ಚುಚ್ಚಿದ ಜಾಗ ಊದಿಕೊಂಡು ಒಂದೆರಡು ದಿನ ಹಾಲು ಕಡಿಮೆಯಾಗುವುದು ಉಂಟು. ಅದು ತಾನಾಗಿ ಸರಿಹೋಗುತ್ತದೆ. ಆ ಹಾಲನ್ನು ಚೆಲ್ಲಬೇಕಿಲ್ಲ.

ಇನ್ನು ಕರುಗಳು. ನಾಲ್ಕು ತಿಂಗಳು ತುಂಬಿದ ಕರುವಿಗೆ ಮೊದಲ ಸಲ ಹಾಕಿದರೆ ಒಂದು ತಿಂಗಳಿಗೆ ಮತ್ತೊಂದು ಹಾಕಲೇಬೇಕು, ಇಲ್ಲವಾದರೆ ಮೊದಲನೆಯದರ ಬಲ ಬೇಗ ಇಳಿದುಬಿಡುತ್ತದೆ. ದೊಡ್ಡಿಗಳಲ್ಲಿ ಈ ಎರಡನೆಯ ಸುತ್ತೇ ತಪ್ಪಿಹೋಗುವುದು. ಅದಕ್ಕೆ ಬರುವ ದಿನವನ್ನು ಸಿಬ್ಬಂದಿ ಮೊದಲ ಸಲ ಬಂದಾಗಲೇ ದನಗಾಹಿಗೆ ಹೇಳಿ ಹೋಗಬೇಕು.

— ಬೆಟ್ಟದ ಪಶುಪಾಲಕರು, ಬರಗೂರು, ಈರೋಡು ಜಿಲ್ಲೆ