ದಮ್ಮು ಎಲ್ಲಿಗೂ ಹೋಗಲ್ಲ ಪುಟ್ಟವ್ವ

ದಾವಣಗೆರೆ
ಸೋಮವಾರ, ಬೆಳಗಿನ ಜಾವ

ಚಿ. ಪುಟ್ಟವ್ವನಿಗೆ ಅಜ್ಜನ ಆಶೀರ್ವಾದಗಳು.

ಮನೆ ಕಡೆ ಸುದ್ದಿ ನಿಮ್ಮವ್ವ ದಿನಾ ಫೋನಿನಲ್ಲಿ ಹೇಳುತ್ತಾಳೆ, ಅದನ್ನು ಬಿಡುತ್ತೇನೆ. ನಿನ್ನ ಕಾಗದದ ಎರಡನೇ ಹಾಳೆಯಲ್ಲಿ ಜಾಗ ಸಾಲದೆ ಅಂಚಿಗೆ ಬರೆದಿದ್ದೀಯಲ್ಲ, "ಕಾಲು ನೋವಿಗೆ ಡಾಕ್ಟರು 6 ವಾರ ಓಡಬೇಡ ಅಂದಿದ್ದಾರೆ ಅಜ್ಜ, ಆದರೆ ಹಾಸ್ಟೆಲಿನಲ್ಲಿ ಯಾರೂ ಏಳುವ ಮೊದಲು 4 ಗಂಟೆಗೆ ಎದ್ದು ಓಡಿ ಬರುತ್ತೇನೆ, ಇಲ್ಲದಿದ್ದರೆ ದಮ್ಮು ಹೋಗಿಬಿಡುತ್ತೆ" ಅಂತ. ಆ ಸಾಲು ಓದಿದಾಗಿನಿಂದ ನನಗೂ 4 ಗಂಟೆಗೆ ಸರಿಯಾಗಿ ಎಚ್ಚರವಾಗುತ್ತಿದೆ. ಈಗ ಓಡುತ್ತಿರುತ್ತಾಳೆ ಅಂದುಕೊಂಡು ಕೂತಿರುತ್ತೇನೆ. ನಿಮ್ಮಜ್ಜಿ "ಲೈಟ್ ಆರಿಸ್ರಿ" ಅಂತ ಮಗ್ಗುಲು ಬದಲಿಸುತ್ತಾಳೆ.

ದಮ್ಮು ಅನ್ನೋ ಮಾತು ನಿನ್ನದಲ್ಲ ಪುಟ್ಟವ್ವ, ನನ್ನದು. ನಿನ್ನ ಜೊತೆ ಬಾಕ್ಸಿಂಗ್ ಆಡೋ ಹುಡುಗಿಯರು ಸ್ಟ್ಯಾಮಿನಾ ಅಂತಾರೆ. ನೀನು ಎಂಟು ವರ್ಷದವಳಿದ್ದಾಗ ಕುಂದವಾಡ ಕೆರೆ ಏರಿ ಮೇಲೆ ನಿನ್ನನ್ನು ಓಡಿಸುತ್ತಾ, "ಓಡೋದು ಬಿಟ್ಟ ಪೈಲ್ವಾನ ಸತ್ತಂಗೆ" ಅಂದವನು ನಾನೇ. ನಮ್ಮ ಉಸ್ತಾದರು ಒಂದು ದಿನವೂ ಹಾಗಂದವರಲ್ಲ. ಗರಡಿಯಲ್ಲಿ ಅವರು ಉಸಿರು ಬೆಳೆಸಿದ್ದು ದಂಡ, ಬಸ್ಕಿ, ಹಗ್ಗ ಹತ್ತೋದು, ಸಲಿಕೆ ಹಿಡಿದು ಕೆಮ್ಮಣ್ಣು ಅಗೆಯೋದು, ಇಷ್ಟರಲ್ಲೇ. ಅರ್ಧ ಗಂಟೆ ಮಣ್ಣು ತಿರುವಿ ಹಾಕಿದರೆ ಎದೆ ತಿದಿ ಒತ್ತಿದ ಹಾಗೆ ಆಡುತ್ತಿತ್ತು. ಓಟದ ಹುಚ್ಚು ನನ್ನದೇ.

ನಾನು ಕುಂಟೋದು ನಿಮಗೆಲ್ಲ ಗೊತ್ತು. ಯಾಕೆ ಅನ್ನೋದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. 1974ರಲ್ಲಿ ಬಲ ಮಂಡಿ ಊದಿತ್ತು. "ಒಂದು ತಿಂಗಳು ಕಾಲಿಗೆ ರಜೆ ಕೊಡು, ಕೂತು ತೋಳಿನ ಸಾಮು ಮಾಡು" ಅಂದರು ಉಸ್ತಾದರು. ಹೂಂ ಅಂದೆ. ಮಿಲ್ಲಿನ ರಾತ್ರಿ ಪಾಳಿ ಮುಗಿಸಿ, ಮಂಡಿಗೆ ಹಳೇ ಪಂಚೆ ಸುತ್ತಿಕೊಂಡು, ಕತ್ತಲಲ್ಲೇ ಬಾತಿ ಗುಡ್ಡದ ಕಡೆ ಓಡಿದೆ. ನಿನ್ನದೇ ಹೆದರಿಕೆ. ಮೂರನೇ ವಾರ ಒಂದು ಹಳ್ಳಿ ಜಾತ್ರೆಯ ಕಣದಲ್ಲಿ ಎದುರಾಳಿ ಪಟ್ಟು ಹಾಕುವ ಮೊದಲೇ ಮಂಡಿ ಕಳಚಿದ ಹಾಗಾಗಿ ಬಿದ್ದೆ. ಜನ "ದುಡ್ಡು ತಿಂದು ಬಿದ್ದ" ಅಂದರು. ಅದನ್ನು ಹೇಗೋ ನುಂಗಿಕೊಂಡೆ. ಆದರೆ ಉಸ್ತಾದರು ಸಾಯೋವರೆಗೂ "ನಾನೇ ನಿನ್ನನ್ನ ಬೇಗ ಕಣಕ್ಕೆ ಇಳಿಸಿದೆ" ಅಂತ ನೊಂದುಕೊಂಡರು. ಕದ್ದು ಓಡಿದ್ದನ್ನು ಅವರಿಗೆ ಹೇಳಲೇ ಇಲ್ಲ. ಹೇಳೋಣ ಹೇಳೋಣ ಅನ್ನೋದರಲ್ಲಿ ಹೋಗಿಬಿಟ್ಟರು.

ನಿನ್ನ ಕೇಳದೆ ಒಂದು ಕೆಲಸ ಮಾಡಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಮಂಡಿ ತೋರಿಸಲು ಹೋದಾಗ ನಿನ್ನ ಕಾಗದವನ್ನೂ ಮೂಳೆ ಡಾಕ್ಟರಿಗೆ ತೋರಿಸಿದೆ. ಅವರು ಕೇಳಿದ್ದು ಒಂದೇ: ನೋವು ಮೊಣಕಾಲ ಕೆಳಗೆ ಉದ್ದಕ್ಕೂ ಇದೆಯೋ, ಒಂದು ಬೆರಳಿಟ್ಟು ತೋರಿಸುವಷ್ಟು ಜಾಗದಲ್ಲೋ? ಒಂದೇ ಜಾಗ ಅಂತ ನೀನೇ ಬರೆದಿದ್ದೀಯ. ಹಾಗಿದ್ದರೆ ಮೂಳೆಯಲ್ಲಿ ಕೂದಲೆಳೆ ಬಿರುಕು ಇರಬಹುದು, ಮೊದಮೊದಲು ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು ಅಂದರು. ಓಡುವಾಗ ಒಂದೊಂದು ಹೆಜ್ಜೆಗೂ ಮೈ ತೂಕದ ಎರಡು ಮೂರು ಪಟ್ಟು ಕಾಲಿನ ಮೇಲೆ ಬೀಳುತ್ತದಂತೆ. ನಿನ್ನ 54 ಕೆಜಿಗೆ ಲೆಕ್ಕ ಹಾಕಿದೆ. ಹೆಜ್ಜೆಗೊಂದು ಕ್ವಿಂಟಲ್ ಮೆಕ್ಕೆಜೋಳ, ಅದೂ ಬಿರುಕು ಬಿಟ್ಟ ಮೂಳೆ ಮೇಲೆ.

ದಮ್ಮಿನ ಬಗ್ಗೆಯೂ ಕೇಳಿದೆ. ಪೂರ್ತಿ ಮಲಗಿಬಿಟ್ಟರೆ ಎರಡು ಮೂರು ವಾರದಲ್ಲಿ ಇಳಿಯುತ್ತೆ, ನಿಜವಂತೆ. ಆದರೆ ಗುಂಡಿಗೆಗೆ ಬೇಕಾಗಿರೋದು ಕೆಲಸ, ಅದು ಓಟವೇ ಆಗಬೇಕಂತಿಲ್ಲ. ಈಜುಕೊಳದಲ್ಲಿ ಸೊಂಟಕ್ಕೆ ತೇಲುವ ಬೆಲ್ಟ್ ಕಟ್ಟಿಕೊಂಡು, ಪಾದ ತಳಕ್ಕೆ ತಾಗದ ಹಾಗೆ, ನೆಟ್ಟಗೆ ನಿಂತು ಓಡಬಹುದಂತೆ. ಕುತ್ತಿಗೆವರೆಗೆ ನೀರಿದ್ದರೆ ಮೈಭಾರದ ಹತ್ತರಲ್ಲಿ ಒಂಬತ್ತು ಪಾಲು ನೀರೇ ಹೊರುತ್ತದೆ. ನಿಮ್ಮ ರೌಂಡಿನ ಹಾಗೇ 3 ನಿಮಿಷ ಜೋರು, 1 ನಿಮಿಷ ನಿಧಾನ. ಒಂದು ಮಾತು, ನೀರಿನಲ್ಲಿ ಅಷ್ಟೇ ಕಷ್ಟಪಟ್ಟರೂ ವಾಚಿನಲ್ಲಿ ಎದೆಬಡಿತ ಹತ್ತು ಹದಿನೈದು ಕಡಿಮೆ ತೋರಿಸುತ್ತೆ. ಅದನ್ನು ನೋಡಿ ದಮ್ಮು ಹೋಯ್ತು ಅಂತ ಮತ್ತೆ ಶೂ ಹಾಕಬೇಡ.

1961ರಲ್ಲಿ ಮಹಮ್ಮದ್ ಅಲಿ, ಆಗಿನ್ನೂ ಕ್ಯಾಸಿಯಸ್ ಕ್ಲೇ, ಈಜುಕೊಳದ ತಳದಲ್ಲಿ ಗುದ್ದುವ ಭಂಗಿಯಲ್ಲಿ ನಿಂತ ಫೋಟೊ ಇದೆಯಲ್ಲ. ನೀರೊಳಗೇ ತಾಲೀಮು ಮಾಡ್ತೀನಿ ಅಂತ ಫೋಟೊಗ್ರಾಫರನಿಗೆ ಟೋಪಿ ಹಾಕಿದ್ದ. ಅವನಿಗೆ ಈಜೇ ಬರುತ್ತಿರಲಿಲ್ಲ! ನನಗೆ ಈಜು ಬರುತ್ತಿತ್ತು, 14 ಕಿಲೋಮೀಟರಿಗೆ ಹರಿಹರದಲ್ಲಿ ಹೊಳೆ ಇತ್ತು. ನೀರಲ್ಲೂ ದಮ್ಮು ಉಳಿಸಿಕೊಳ್ಳಬಹುದು ಅಂತ ಹೊಳೆಯಲ್ಲಿ ನಿಂತಾಗಲೂ ಹೊಳೆಯಲಿಲ್ಲ.

ನೋವಿಲ್ಲದಿದ್ದರೆ, ನಿಮ್ಮ ಡಾಕ್ಟರು ಒಪ್ಪಿದರೆ, ಜಿಮ್ಮಿನ ಸೈಕಲ್ ತುಳಿ. ಸೀಟು ತಗ್ಗಿಸಬೇಡ, ಪೆಡಲ್ ಕೆಳಗೆ ಹೋದಾಗ ಮಂಡಿ ಸ್ವಲ್ಪವೇ ಬಗ್ಗಿರಬೇಕು. ಸ್ಟೂಲಿನ ಮೇಲೆ ಕೂತು ಬ್ಯಾಗಿಗೆ ಗುದ್ದು, ಬೆವರು ತಾನೇ ಇಳಿಯುತ್ತೆ. ಹಗ್ಗ ಜಿಗಿಯೋದು ಮಾತ್ರ ಬೇಡ, ಅದು ಓಟದ ತಂಗಿಯೇ. ನಿಮ್ಮ ಕೋಚಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತಿರುತ್ತೆ, ಮಣ್ಣಿನಲ್ಲಿ ಹೊರಳಾಡಿದವನು ರಿಂಗಿನ ಬಗ್ಗೆ ಏನು ಹೇಳಲಿ.

ಇನ್ನೊಂದು, ನಾನು ಕೇಳೋ ಮಾತಲ್ಲ, ನಿಮ್ಮಜ್ಜಿ ಪಕ್ಕದಲ್ಲಿ ಕೂತು ಬರೆಸುತ್ತಿದ್ದಾಳೆ. ತೂಕಕ್ಕೆ ಹೆದರಿ ಊಟ ಬಿಡುತ್ತಿದ್ದೀಯಾ? ತಿಂಗಳು ತಿಂಗಳು ಸರಿಯಾಗಿ ಮುಟ್ಟಾಗುತ್ತಿದ್ದೀಯಾ? ಹೊಟ್ಟೆಗೆ ಕಡಿಮೆ ಬಿದ್ದರೆ ಮೊದಲು ಅದು ನಿಲ್ಲುತ್ತೆ, ಆಮೇಲೆ ಮೂಳೆ ಸೊರಗುತ್ತೆ ಅಂತ ಡಾಕ್ಟರು ಹೇಳಿದ್ದಕ್ಕೆ ಅವಳ ಈ ಪ್ರಶ್ನೆ. ನನಗೆ ಬೇಡ, ಅಜ್ಜಿಗೆ ಫೋನಿನಲ್ಲಿ ಹೇಳು.

ಕೋಚಿಗೆ ಮಾತ್ರ ಇವತ್ತೇ ಹೇಳಿಬಿಡು, ಕದ್ದು ಓಡಿದ್ದನ್ನು. ಬೈತಾರೆ, ಬೈಸಿಕೋ. ನಾನು ಬೈಸಿಕೊಳ್ಳದೆ ಉಳಿದವನು.

ನಾಳೆ 4ಕ್ಕೆ ಎಚ್ಚರವಾದರೆ ಶೂ ಹುಡುಕಬೇಡ, ಫೋನ್ ಮಾಡು. ನಾನು ಎದ್ದೇ ಇರುತ್ತೇನೆ. ಅಜ್ಜಿಗೆ ಎಚ್ಚರವಾಗದ ಹಾಗೆ ಮೆತ್ತಗೆ ಮಾತಾಡೋಣ.

ನಿನ್ನ ಅಜ್ಜ