ಅರ್ಧ ಮನೆ ಇಳಿಸುವ ವಿಚಾರ

ಚಿ. ಪುಟ್ಟಿಗೆ ಅತ್ತೆಯ ಆಶೀರ್ವಾದ.

ಮಿಕ್ಕ ಸುದ್ದಿಯೆಲ್ಲ ನಿಮ್ಮಮ್ಮನಿಂದ ತಿಳಿಯಿತು. ನಿನ್ನ ಕಾಗದದ ಒಂದು ಸಾಲು ಮಾತ್ರ ನಿದ್ದೆ ಕೆಡಿಸಿದೆ: ‘ಹಾಡುವ ಶ್ರುತಿ ಆರು ಮನೆಯಿಂದ ಐದೂವರೆಗೆ ಇಳಿದರೆ ಸೋತ ಹಾಗಲ್ಲವಾ?’ ಯಾರೇ ನಿನಗೆ ಹಾಗಂದವರು?

ಶ್ರುತಿ, ಅಂದರೆ ನಮ್ಮ ಷಡ್ಜ ಯಾವ ಎತ್ತರದ ಮನೆಯಲ್ಲಿ ನಿಲ್ಲಬೇಕು ಅನ್ನುವುದನ್ನು ಗೊತ್ತುಮಾಡಿಕೊಳ್ಳುವುದು ಪೈಪೋಟಿಯ ಲೆಕ್ಕದಿಂದಲ್ಲ. ಕೆಳಸ್ಥಾಯಿಯ ಮಂದ್ರ ಪಂಚಮ ಬರೀ ಗಾಳಿಯಾಗಬಾರದು, ಮೇಲುಸ್ಥಾಯಿಯ ತಾರ ಪಂಚಮ ಕಿರುಚಾಟವಾಗಬಾರದು. ಎರಡೂ ದಕ್ಕುವ ಮನೆ ನಿನ್ನದು. ನೀನು ಹಾಡಿದ ವಿಡಿಯೊ ಇನ್ನೊಮ್ಮೆ ನೋಡು: ತಾರ ಗಾಂಧಾರಕ್ಕೆ ಹೋಗುವಾಗೆಲ್ಲ ಗದ್ದ ಮೇಲೇಳುತ್ತದೆ, ಕತ್ತಿನ ನರ ಉಬ್ಬುತ್ತದೆ, ಅಷ್ಟಾದರೂ ಸ್ವರ ಒಂದೆಳೆ ಕೆಳಗೇ ನಿಲ್ಲುತ್ತದೆ. ಅದು ಸಾಧನೆಯ ಕೊರತೆಯಲ್ಲ, ಗಂಟಲನ್ನು ಹಿಂಡಿ ಏರುತ್ತಿದ್ದೀಯ. ಇನ್ನಷ್ಟು ಗಂಟೆ ಕೂತರೆ ಹಿಂಡುವುದೇ ಅಭ್ಯಾಸವಾಗುತ್ತದೆ.

ಸೋಲು ಅಂದೆಯಲ್ಲ, ಮತ್ತೆ ಅಲ್ಲಿಗೇ ಬರುತ್ತೇನೆ. ನಾದನಾಮಕ್ರಿಯೆ, ಪುನ್ನಾಗವರಾಳಿ ನಿಷಾದಾಂತ್ಯ ರಾಗಗಳು, ಮೇಲಕ್ಕೆ ನಿಷಾದದಲ್ಲೇ ಮುಗಿಯುತ್ತವೆ. ತಾರ ಷಡ್ಜ ಮುಟ್ಟುವುದೇ ಇಲ್ಲ. ಅವನ್ನು ಯಾರಾದರೂ ಅರೆಬರೆ ಅಂದದ್ದು ಕೇಳಿದ್ದೀಯಾ? ಗಂಗೂಬಾಯಿ ಹಾನಗಲ್ ಅವರ 1930ರ ದಶಕದ ಗ್ರಾಮಫೋನ್ ತಟ್ಟೆಗಳಲ್ಲಿ ದನಿ ತೆಳು, ಎತ್ತರದ್ದು. ಗಂಟಲಿನ ಚಿಕಿತ್ಸೆಯಾದ ಮೇಲೆ ಅದು ಗಂಡುದನಿಯಷ್ಟು ಗಡುಸಾಯಿತು. ಕಿರಾನಾ ಘರಾಣೆಯ ನಿಧಾನದ ಆಲಾಪವನ್ನು ಆ ದನಿಯಲ್ಲೇ ಕಟ್ಟಿದರು. 2002ರಲ್ಲಿ ಪದ್ಮವಿಭೂಷಣ ಬಂದದ್ದೂ ಆ ದನಿಗೇ.

ನಮ್ಮ ಕಾಲದಲ್ಲಿ ಇದನ್ನೆಲ್ಲ ಬಿಡಿಸಿ ಹೇಳುವವರಿರಲಿಲ್ಲ. ಎಷ್ಟು ಒಳ್ಳೆಯ ಕಂಠಗಳು… ಹೋಗಲಿ, ಅದು ಈಗ ಬೇಡ.

ನಿನ್ನ ಗುರುಗಳಿರುವಾಗ ನಾನು ಹೇಳುವುದು ಅಧಿಕಪ್ರಸಂಗ. ಆದರೂ ಎರಡು ವಾರ ಐದೂವರೆಯಲ್ಲಿ ಕೂತು ನೋಡು. ಬೆಳಿಗ್ಗೆ ಮೊದಲ 20 ನಿಮಿಷ ಮಂದ್ರದಲ್ಲಿ ‘ಆ’ ಅನ್ನುತ್ತಾ ಅಕಾರ, ಮೆಲ್ಲಗೆ. ಇಳಿಸಿದ ಮೇಲೆ ಮಂದ್ರ ಮೊದಮೊದಲು ಸೊರಗಿದಂತೆ ಕೇಳುತ್ತದೆ, ಹೆದರಿ ಮತ್ತೆ ಏರಿಸಬೇಡ. ಆಮೇಲೆ ಸರಳೆ ವರಸೆ ಮೂರು ಕಾಲ, ಅಂದರೆ ಮೂರು ವೇಗದಲ್ಲಿ; ಮೂರನೇ ಕಾಲದಲ್ಲಿ ಗದ್ದ ಎದ್ದರೆ ಎರಡಕ್ಕೇ ನಿಲ್ಲಿಸು. ಕೊನೆಯಲ್ಲೊಂದು ದೇವರನಾಮ. ಆ ಹೊತ್ತಿಗೆ ಫೋನ್ ಆಚೆ ಇಡು. ರೆಕಾರ್ಡ್ ಮಾಡಿ ತಪ್ಪು ಹುಡುಕದೆ ನೀನು ಹಾಡಿ ಎಷ್ಟು ಕಾಲವಾಯಿತೋ!

ಗಂಟಲು ಕಟ್ಟಿ ಮೂರು ವಾರ ದಾಟಿದರೆ ಕಷಾಯ ಕುಡಿಯುತ್ತಾ ಕೂರಬೇಡ. ಇಎನ್‌ಟಿ ಡಾಕ್ಟರಿಗೆ ತೋರಿಸಿ ಸ್ವರತಂತುಗಳಲ್ಲಿ ಗಂಟಿದೆಯೋ ನೋಡಿಸು. ಪಿಸುಗುಟ್ಟುವುದೂ ವಿಶ್ರಾಂತಿಯಲ್ಲ, ಸುಮ್ಮನಿರುವುದೇ ವಿಶ್ರಾಂತಿ.

ಆಕಾಶವಾಣಿ ಆಡಿಷನ್ ಬಿಡು ಅನ್ನುತ್ತಿಲ್ಲ ಕಣೇ. ಕಟ್ಟು. ಅಲ್ಲಿ ಶ್ರುತಿಶುದ್ಧಿ ನೋಡುತ್ತಾರೆ, ಎಷ್ಟನೇ ಮನೆ ಅಂತಲ್ಲ. ಸೋಲಿನ ಮಾತು ಅಲ್ಲಿಯೂ ಇಲ್ಲ.

ಮುಂದಿನ ಕಛೇರಿಗೆ ಮೃದಂಗದವರಿಗೆ ಈಗಲೇ ಐದೂವರೆ ಅಂತ ತಿಳಿಸಿಬಿಡು. ಪಿಟೀಲಿನವರು ತಂತಿ ಇಳಿಸಿಕೊಂಡಾರು. ಆರಕ್ಕೆ ಕಟ್ಟಿದ ಮೃದಂಗವನ್ನು ವೇದಿಕೆ ಮೇಲೆ ಅಷ್ಟು ಇಳಿಸಿದರೆ ನಾದ ಸತ್ತುಹೋಗುತ್ತದೆ.

ನಿನ್ನ ಅತ್ತೆ