ಹತ್ತು ಜನರ ಪ್ರಾರ್ಥನೆಗೆ ಹನ್ನೆರಡು ಮಂಚ: ಕೊಂಕಣದ ಸಿನಗಾಗಿನಿಂದ ದೇಣಿಗೆ ಮನವಿ

ಮಾನ್ಯರೇ,

ರಾಯಗಡ ಜಿಲ್ಲೆಯ ಕರಾವಳಿಯ ನಮ್ಮ ಬೆನೆ ಇಸ್ರೇಲ್ ಯಹೂದಿ ಸಭೆಯ ಪರವಾಗಿ ಈ ಮನವಿ. ನಮ್ಮ ಪ್ರಾರ್ಥನಾಮಂದಿರವಾದ ಸಿನಗಾಗಿನ ಹಿಂದಿರುವ ಹಳೆಯ ಉಗ್ರಾಣವನ್ನು ಎರಡು ತಂಗುಕೋಣೆಗಳಾಗಿ ಮಾಡಬೇಕಾಗಿದೆ. ಮಾಡು ಸೋರುತ್ತಿದೆ, ಗೋಡೆ ಉದುರುತ್ತಿದೆ ಎಂಬುದೂ ನಿಜ. ಆದರೂ ಮೊದಲು ಕೇಳುತ್ತಿರುವುದು ಮಂಚ, ಹಾಸಿಗೆಗಳನ್ನು.

ನಮ್ಮ ಸಂಪ್ರದಾಯದಲ್ಲಿ ಸಾಮೂಹಿಕ ಪ್ರಾರ್ಥನೆಗೆ 13 ವರ್ಷ ದಾಟಿದ 10 ಗಂಡಸರು ಬೇಕು. ಇದಕ್ಕೆ ಮಿನ್ಯಾನ್ ಎನ್ನುತ್ತಾರೆ. ಒಂಬತ್ತೇ ಜನರಿದ್ದರೆ ತಂತಮ್ಮ ಪ್ರಾರ್ಥನೆ ಹೇಳಿಕೊಳ್ಳಬಹುದು. ಆದರೆ ನಮ್ಮ ಧರ್ಮಗ್ರಂಥವಾದ ತೋರಾದ ಸುರುಳಿಯನ್ನು ಹೊರತೆಗೆದು ವಿಧಿವತ್ತಾಗಿ ಓದುವಂತಿಲ್ಲ, ತೀರಿಕೊಂಡವರಿಗಾಗಿ ಕದ್ದಿಶ್ ಪ್ರಾರ್ಥನೆ ಹೇಳುವಂತಿಲ್ಲ. ಅಪ್ಪನ ವರ್ಷಾಬ್ದಿಗೆಂದು ದೂರದಿಂದ ಬಂದ ಮಗ ಕದ್ದಿಶ್ ಹೇಳಲಾಗದೆ ಮರಳುವುದಕ್ಕಿಂತ ನೋವಿನ ಸಂಗತಿ ನಮ್ಮಂಥ ಸಣ್ಣ ಸಭೆಗೆ ಇನ್ನೊಂದಿಲ್ಲ. 1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಮೇಲೆ ಕೊಂಕಣದ ಹೆಚ್ಚಿನ ಕುಟುಂಬಗಳು ಅಲ್ಲಿಗೆ ಹೋದವು, ಉಳಿದವರಲ್ಲಿ ಬಹುಪಾಲು ಮುಂಬಯಿ, ಠಾಣೆ ಸೇರಿದರು. ಹಾಗಾಗಿ ಹತ್ತು ಜನರನ್ನು ಹೊರಗಿನಿಂದಲೇ ಕೂಡಿಸಬೇಕು.

ಬೆಳಿಗ್ಗೆ ಬಂದು ಸಂಜೆ ಹೋಗಬಾರದೇ ಎಂದು ಹಲವರು ಕೇಳುತ್ತಾರೆ. ನಮ್ಮ ವಾರದ ವಿಶ್ರಾಂತಿ ದಿನವಾದ ಶಬ್ಬಾತ್ ಶುಕ್ರವಾರದ ಸೂರ್ಯಾಸ್ತಕ್ಕೆ ಮೊದಲೇ ಆರಂಭವಾಗಿ ಶನಿವಾರ ರಾತ್ರಿ ಮೂರು ನಕ್ಷತ್ರ ಕಾಣುವವರೆಗೆ ನಡೆಯುತ್ತದೆ. ಆ ಹೊತ್ತಿನಲ್ಲಿ ವಾಹನ ಹತ್ತುವಂತಿಲ್ಲ, ಊರ ಅಂಚಿನಿಂದ 2,000 ಮೊಳ, ಅಂದರೆ ಸುಮಾರು ಒಂದು ಕಿಲೋಮೀಟರ್ ಮೀರಿ ನಡೆಯುವಂತೆಯೂ ಇಲ್ಲ. ಹೆದ್ದಾರಿ ಪಕ್ಕದ ಲಾಡ್ಜ್ ಇದ್ದೂ ಪ್ರಯೋಜನಕ್ಕೆ ಬಾರದಿರುವುದು ಇದಕ್ಕೇ. ಸಿನಗಾಗಿನ ಆವರಣದಲ್ಲೇ ಮಲಗುವ ಜಾಗ ಬೇಕು. ಮಂಚ ಹತ್ತಲ್ಲ, ಹನ್ನೆರಡು: ಒಬ್ಬರಿಗೆ ಜ್ವರ ಬಂದು ಇನ್ನೊಬ್ಬರಿಗೆ ಬಸ್ ತಪ್ಪಿದರೂ ಎಣಿಕೆ ಒಡೆಯಬಾರದು. ದೀಪ, ಫ್ಯಾನುಗಳಿಗೆ ಟೈಮರ್ ಸ್ವಿಚ್ ಬೇಕು, ಏಕೆಂದರೆ ಶಬ್ಬಾತಿನಲ್ಲಿ ಸ್ವಿಚ್ ಮುಟ್ಟುವುದಿಲ್ಲ. ಫ್ರಿಜ್ ಕೊಡುವ ದಾನಿಗಳು ಬಾಗಿಲು ತೆರೆದಾಗ ಹೊತ್ತುವ ಬಲ್ಬನ್ನು ಕಳಚಲು ಬರುವ ಮಾದರಿಯನ್ನೇ ಆರಿಸಿ.

ಅಡುಗೆಮನೆಗೆ ಹೊಸ ಪಾತ್ರೆಗಳು ಬೇಕು. ಮಾಂಸ, ಹಾಲು ಬೆರೆಯಬಾರದೆಂಬ ನಿಯಮದಂತೆ ಮಾಂಸಕ್ಕೊಂದು, ಹಾಲಿಗೊಂದು ಎಂದು ಬೇರೆಬೇರೆ ಇಡಬೇಕಾದ್ದರಿಂದ ಬಳಸಿದ ಪಾತ್ರೆಗಳನ್ನು ದಯವಿಟ್ಟು ಕಳಿಸಬೇಡಿ. ಪ್ರಾಣಿಯನ್ನು ವಿಧಿಪ್ರಕಾರ ಕೊಯ್ಯುವ ಶೋಹೆತ್ ಹಳ್ಳಿಯಲ್ಲಿ ಸಿಗುವುದು ಕಷ್ಟ, ಆದ್ದರಿಂದ ಅನ್ನ, ತರಕಾರಿ, ಮೀನು. ಬಂಗಡೆಗೆ ರೆಕ್ಕೆಯೂ ಹುರುಪೆಯೂ ಇರುವುದರಿಂದ ನಡೆಯುತ್ತದೆ, ಸಿಗಡಿ, ಏಡಿ ನಡೆಯುವುದಿಲ್ಲ. ಸಾರು ಮಾಡಲು ತೆಂಗಿನ ಹಾಲು. ಮಾಂಸದೂಟಕ್ಕೂ ಅದನ್ನೇ ಬಳಸಬಹುದಾದ್ದರಿಂದ ನಮ್ಮ ಮನೆಗಳ ಅಡುಗೆಯೆಲ್ಲ ತೆಂಗಿನ ಮೇಲೇ ನಿಂತಿದೆ. ಶಬ್ಬಾತಿನ ಊಟಕ್ಕೆ ಮೊದಲು ಹೇಳುವ ಕಿದ್ದುಶ್ ಪ್ರಾರ್ಥನೆಗೆ ದ್ರಾಕ್ಷಾರಸದ ಬದಲು ಒಣದ್ರಾಕ್ಷಿ ನೆನೆಸಿ, ಕಿವುಚಿ ಸೋಸಿದ ಶರಬತ್ತು. ಎಲ್ಲವೂ ಶುಕ್ರವಾರ ದೀಪ ಹಚ್ಚುವ ಮೊದಲೇ ಬೆಂದಿರಬೇಕು.

ಇನ್ನು ತೋರಾ ಸುರುಳಿ. ಚರ್ಮದ ಹಾಳೆಗಳನ್ನು ಹೊಲಿದು, ಕೈಯಿಂದ ಬರೆದ 3,04,805 ಅಕ್ಷರಗಳು. ಒಂದು ಅಕ್ಷರ ಬಿರಿದರೂ, ಪಕ್ಕದ್ದಕ್ಕೆ ಅಂಟಿದರೂ ತಿದ್ದುವವರೆಗೆ ಸುರುಳಿಯನ್ನು ಓದಲು ಬಳಸುವಂತಿಲ್ಲ. ಕೊಂಕಣದ ಮಳೆಗಾಲದಲ್ಲಿ ಚರ್ಮ ತೇವ ಹೀರಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಮೇಲಿನ ಶಾಯಿ ಅದರ ಜೊತೆ ಹಿಗ್ಗಲಾರದೆ ಪದರ ಬಿಡುತ್ತದೆ. ಓದದೆ ವರ್ಷಗಟ್ಟಲೆ ಒಂದೇ ಕಡೆ ಸುತ್ತಿಟ್ಟರೆ ಇನ್ನೂ ಬೇಗ ಕೆಡುತ್ತದೆ, ಅಂದರೆ ಜನ ಸೇರದಿರುವುದೂ ಸುರುಳಿಗೆ ಹಾನಿಯೇ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ ಎಂಬ ಸಲಹೆ ಬರುತ್ತಿರುತ್ತದೆ. ಅದು ತೇವವನ್ನು ಒಳಗೇ ಹಿಡಿದಿಟ್ಟು ಬೂಷ್ಟು ತರುತ್ತದೆ, ಹತ್ತಿಬಟ್ಟೆಯೇ ಸರಿ. ಸೋಫೇರ್, ಅಂದರೆ ಶಾಸ್ತ್ರ ಕಲಿತ ಲಿಪಿಕಾರರನ್ನು ಕರೆಸಿ ಅಂಕಣ ಅಂಕಣವಾಗಿ ಪರೀಕ್ಷಿಸಿ ತಿದ್ದಿಸಬೇಕು. ಅವರ ಪ್ರಯಾಣ, ವಾಸ್ತವ್ಯ, ಸಂಭಾವನೆಗಳೇ ಈ ಮನವಿಯಲ್ಲಿ ಎರಡನೆಯ ದೊಡ್ಡ ಖರ್ಚು.

ಕಟ್ಟಡದ ಕೆಲಸ ಜೂನ್‌ಗೆ ಮೊದಲು ಮುಗಿಯಬೇಕು. ಗೋಡೆ ಮುರಕಲ್ಲಿನದು. ಹಿಂದೊಮ್ಮೆ ಬಳಿದ ಸಿಮೆಂಟ್ ಗಾರೆ ಒಳಗಿನ ತೇವವನ್ನು ಹೊರಬಿಡದೆ ಕಲ್ಲನ್ನೇ ಪುಡಿಮಾಡುತ್ತಿದೆ. ಅದನ್ನು ಕೆತ್ತಿ ತೆಗೆದು ಸುಣ್ಣದ ಗಾರೆ ಹಾಕಬೇಕು. ಮಾಡಿಗೆ ಮಂಗಳೂರು ಹೆಂಚು ಬೇಕು, ಜೊತೆಗೆ ಕೊಳೆತ ರೀಪುಗಳ ಬದಲಿಗೆ ಗಟ್ಟಿ ಮರ. ರೀಪು ಬದಲಿಸದೆ ಹೆಂಚು ಮಾತ್ರ ಹೊಸದು ಹಾಕಿದರೆ ಮುಂದಿನ ಮಳೆಗೆ ಮತ್ತೆ ಜಾರುತ್ತದೆ.

ಕರ್ನಾಟಕದ ಓದುಗರಿಗೆ ಒಂದು ಮಾತು. ಮುಂಬಯಿಯ ಮೊದಲ ಸಿನಗಾಗ್ 1796ರಲ್ಲಿ ಕಟ್ಟಿಸಿದ ಸ್ಯಾಮ್ಯುಯೆಲ್ ಎಝೆಕಿಯಲ್ ದಿವೇಕರ್ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದು, ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾಗಿದ್ದವರು. ಜೀವಸಹಿತ ಮರಳಿದರೆ ಪ್ರಾರ್ಥನಾಮಂದಿರ ಕಟ್ಟಿಸುವೆನೆಂದು ಹರಕೆ ಹೊತ್ತಿದ್ದರೆಂದು ನಮ್ಮವರು ಹೇಳುತ್ತ ಬಂದಿದ್ದಾರೆ. ಕರ್ನಾಟಕದಲ್ಲಿ ನೆಲೆಸಿರುವ ನಮ್ಮ ಮನೆತನದವರೂ ಅವರ ನೆರೆಹೊರೆಯವರೂ ಈ ನಂಟನ್ನು ನೆನೆದು ಕೈಜೋಡಿಸಬೇಕೆಂದು ಕೋರುತ್ತೇವೆ. ಯಹೂದಿಯರಲ್ಲದವರೂ ಬರಬಹುದು, ತಲೆ ಮುಚ್ಚಿರಲಿ, ಫೋನ್ ಹೊರಗಿರಲಿ. ನೋಡಲೇಬೇಕಾದದ್ದು ಮಲಿದಾ: ಅವಲಕ್ಕಿಗೆ ತೆಂಗಿನ ತುರಿ, ಬೆಲ್ಲ ಅಥವಾ ಸಕ್ಕರೆ, ಏಲಕ್ಕಿ ಬೆರೆಸಿ, ಹಣ್ಣುಗಳ ಜೊತೆ ತಟ್ಟೆಯಲ್ಲಿಟ್ಟು ಪ್ರವಾದಿ ಎಲಿಯಾಹುವನ್ನು ನೆನೆಯುವ ವಿಧಿ. ಮರಗಳ ಹೊಸವರ್ಷವಾದ ತು ಬಿಶ್ವಾತ್ ಹಬ್ಬಕ್ಕೆ, ಜನವರಿ–ಫೆಬ್ರವರಿಯಲ್ಲಿ, ಎಲಿಯಾಹು ಬಂದಿದ್ದರೆಂದು ನಮ್ಮವರು ನಂಬುವ, ಅಲಿಬಾಗ್ ಬಳಿಯ ಖಂಡಾಲಾ ಗ್ರಾಮದ ಬಂಡೆಯ ಹತ್ತಿರವೂ ಇದು ನಡೆಯುತ್ತದೆ. ಇದು ಲೋಣಾವಳದ ಪಕ್ಕದ ಖಂಡಾಲಾ ಅಲ್ಲ, ಹಲವರು ಅಲ್ಲಿಗೆ ಹೋಗಿ ತಿರುಗಿ ಬರುತ್ತಾರೆ.

ಹಣ ಕೊಡುವ ಕ್ರಮ: ಶಬ್ಬಾತಿನಲ್ಲಿ ನಗದು ಮುಟ್ಟುವುದಿಲ್ಲ, ಅಂದು ಬಾಯಿಮಾತಿನಲ್ಲಿ ಹೇಳಿದ ಮೊತ್ತವನ್ನು ಭಾನುವಾರದ ನಂತರ ಕೊಡಿ. ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ನಮಗಿಲ್ಲ. ವಿದೇಶದಲ್ಲಿರುವ ಭಾರತೀಯ ನಾಗರಿಕರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಬಹುದು. ಇಸ್ರೇಲಿ ಪೌರತ್ವ ಪಡೆದ ಬಂಧುಗಳು ಸಾಗರೋತ್ತರ ಭಾರತೀಯರ ಒಸಿಐ ಕಾರ್ಡ್ ಇದ್ದರೂ ಕಳಿಸುವಂತಿಲ್ಲ, ಅವರು ಬಂದು ಎಣಿಕೆಗೆ ಸೇರಲಿ. ಹಳೆಯ ಪ್ರಾರ್ಥನಾ ಪುಸ್ತಕಗಳನ್ನು ರದ್ದಿಗೆ ಹಾಕದೆ ನಮಗೆ ಕೊಡಿ, ದೇವರ ಹೆಸರಿರುವ ಹಾಳೆಗಳನ್ನು ವಿಧಿಪ್ರಕಾರ ಹೂಳುತ್ತೇವೆ. ತಂಗಲು ಬರುವವರು ಬುಧವಾರದೊಳಗೆ ತಿಳಿಸಿ. ಅಡುಗೆ ಸಾಮಾನು ತರುವುದು ಗುರುವಾರ. ರೈಲಿನಲ್ಲಿ ಪನ್ವೇಲ್‌ಗೆ ಬರುವವರು ಶುಕ್ರವಾರ ಬೆಳಿಗ್ಗೆಯೇ ಇಳಿದರೆ ಸೂರ್ಯಾಸ್ತದೊಳಗೆ ನಮ್ಮ ಊರು ತಲುಪಬಹುದು.